ಟಿಲ್ಲರ್ ಶೆಡ್ಡಿನ ತಲೆಬಾಗಿಲು

ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ಒಂದು ಲಗೇಜ್ ಆಟೋಗೆ ಅರಿಶಿನ ಬಳಿಯುತ್ತಿದ್ದರು. ಡೀಸೆಲ್ಲೂ ಅರಿಶಿನವೂ ಬೆರೆತ ಆ ವಾಸನೆಗೆ ಚಾಮರಾಜಪೇಟೆಯ ನಮ್ಮ ಮನೆ ಎದ್ದು ಬಂತು. ಎದ್ದು ಬಂತು ಎನ್ನುವುದಕ್ಕಿಂತ, ಅದು ಕೊನೆಗೆ ಹೋಗಿ ಸೇರಿದ ಜಾಗ ನೆನಪಾಯಿತು ಎನ್ನಬೇಕು. ತೊಂಬತ್ತರ ದಶಕದ ನಡುವೆ ತಾತನ ಅಣ್ಣತಮ್ಮಂದಿರಲ್ಲಿ ಪಾಲಾಗಿ ಮನೆ ಕೆಡವುವುದೆಂದು ತೀರ್ಮಾನವಾದಾಗ ನಾನು ಏಳನೇ ಕ್ಲಾಸಿನ ಹುಡುಗಿ. ತಾತ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾದವರು. ಮಾಗಡಿ ರಸ್ತೆಯಾಚೆ ಅವರಿಗೆ ಎರಡೆಕರೆ ರಾಗಿ ಹೊಲವಿತ್ತು. ಅಲ್ಲಿ ಹೊಲ ಉಳುವ ಟಿಲ್ಲರ್, ಔಷಧಿ ಹೊಡೆಯುವ ಪಂಪು, ಪೈಪುಗಳೆಲ್ಲ ಟಾರ್ಪಾಲಿನಡಿ ತುಕ್ಕು ಹಿಡಿಯುತ್ತಿದ್ದವು. ಹೊಸ ಸಾಮಾನು ಕೊಂಡು ಶೆಡ್ ಕಟ್ಟುವ ಶಕ್ತಿ ಇರಲಿಲ್ಲ. ಮನೆಯ ಹೆಂಚು, ಜಂತೆ, ಕಿಟಕಿಗಳನ್ನೇ ಲಾರಿಗೆ ಹೇರಿಸಿದರು. ಅಜ್ಜಿ ಕೇಳಿದ್ದು ಒಂದೇ: ತಲೆಬಾಗಿಲು, ಹೊಸ್ತಿಲ ಸಮೇತ. "ಇಷ್ಟು ವರ್ಷ ಅರಿಶಿನ ಹಚ್ಚಿದೀನಿ. ಅದು ಸೌದೆ ಡಿಪೋಗೆ ಹೋಗಕೂಡದು."

ತಾತ ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ ಬರೆದರು. ಪೂರ್ವಕ್ಕೆ ತಲೆಬಾಗಿಲು, ದಕ್ಷಿಣಕ್ಕೆ ಕಿಟಕಿ, ಗೋಡೆಯ ಮೇಲೆ ಗಾಳಿಗಿಂಡಿ. ಹಳೆಯ ಇಟ್ಟಿಗೆಗಳನ್ನು ನಾವೆಲ್ಲ ಕೂತು ಗಾರೆ ಕೆರೆದು ಜೋಡಿಸಿಕೊಟ್ಟೆವು. ಗಾರೆ ಕೆಲಸದ ಮುನಿಯಪ್ಪ ಗೋಡೆಯೆಬ್ಬಿಸಿ, ಹೆಂಚು ಹೊದಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿದ. ಮೇಲೆ ಮೋಡ ಕವಿದಿತ್ತು. ಎಲ್ಲರೂ ಸೇರಿ ಟಿಲ್ಲರ್ ತಳ್ಳಿಕೊಂಡು ಬಂದರೆ, ಅದರ ಚಕ್ರಗಳು ಚೌಕಟ್ಟಿಗಿಂತ ನಾಲ್ಕು ಬೆರಳು ಅಗಲ! ಮೂವತ್ತು ವರ್ಷ ಮಕ್ಕಳಿಗೆ ಎರಡೆರಡು ಸಲ ಅಳೆಯಿರಿ ಎಂದು ಕಿವಿ ಹಿಂಡಿದ ತಾತ, ಟಿಲ್ಲರನ್ನೇ ಅಳೆದಿರಲಿಲ್ಲ.

ಮುನಿಯಪ್ಪ ಬೀಡಿ ತೆಗೆದು, "ಅದ್ಕೇನು ಮೇಷ್ಟ್ರೇ, ಈ ಬಾಗ್ಲು ಕಿತ್ತಾಕಿ ತಗಡಿಂದು ಇಕ್ಬುಡಣ" ಎಂದ.

"ಇಡೀ ಮನೇನೇ ಕಿತ್ತಾಕಿದ್ರಿ. ಇದೊಂದನ್ನ ನಿಂತ್ಕೊಳಕ್ಕೆ ಬಿಡಿ," ಎಂದು ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತಳು.

"ಮಳೆ ಬಂದ್ರೆ ಟಿಲ್ಲರಿಗೆ ನಿನ್ ಸೆರಗು ಹೊದಿಸ್ತೀಯೇನೇ?" ಎಂದರು ತಾತ.

"ನಿಮ್ ಡ್ರಾಯಿಂಗ್ ಶೀಟ್ ಇದ್ಯಲ್ಲ, ಅದನ್ನೇ ಹೊದಿಸಿ!"

ಮುನಿಯಪ್ಪನಿಗೆ ಬೀಡಿಯ ಹೊಗೆ ನೆತ್ತಿಗೇರಿತು. ತಾತ ಅಜ್ಜಿಯ ಮುಖವನ್ನು ಒಂದು ಗಳಿಗೆ ನೋಡಿದರು, ನಕ್ಷೆಯನ್ನು ನಾಲ್ಕಾಗಿ ಮಡಿಚಿ ಜೇಬಿಗೆ ಸೇರಿಸಿದರು. "ಹಿಂದಿನ ಗೋಡೆ ಒಡಿಯಪ್ಪ," ಎಂದರು. ಸುಣ್ಣವೂ ಒಣಗಿರದ ಗೋಡೆ. ಮೊದಲ ಹನಿಗಳು ಬೀಳುವ ಹೊತ್ತಿಗೆ ಟಿಲ್ಲರ್ ಹಿಂದಿನಿಂದ ಒಳಗೆ ಹೋಯಿತು. "ಮುಂದ್ಗಡೆ ಲಕ್ಷ್ಮಿ, ಹಿಂದ್ಗಡೆ ಟಿಲ್ಲರು," ಎಂದು ಮುನಿಯಪ್ಪ ಬಹಳ ದಿನ ಹೇಳಿಕೊಂಡು ನಕ್ಕ.

ಆಮೇಲೆ ಎಷ್ಟೋ ಭಾನುವಾರ ಅಜ್ಜಿ ಬಸ್ಸು ಹತ್ತಿ ಹೊಲಕ್ಕೆ ಬರುತ್ತಿದ್ದಳು. ಹೊಸ್ತಿಲು ಒರೆಸಿ, ಅರಿಶಿನ ಕುಂಕುಮವಿಟ್ಟು, ಎರಡೆಳೆ ರಂಗೋಲಿ ಎಳೆದು, ಬಲಗಾಲಿಟ್ಟು ಒಳಗೆ ಹೋಗಿ ಪೈಪುಗಳ ನಡುವೆ ನಡುಮನೆಯಲ್ಲಿ ಕೂತಂತೆ ಕೂರುತ್ತಿದ್ದಳು. ನಾವೆಲ್ಲ ಹಿಂದಿನಿಂದ ನುಗ್ಗಿದರೂ ಅವಳು ಮಾತ್ರ ಆ ಬಾಗಿಲನ್ನು ಬಿಟ್ಟವಳಲ್ಲ. ತಾತ ಹೋದ ಮೇಲೂ ಅದು ತಪ್ಪಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಅವಳ ಮಂಡಿ ಸೋತಿತು. ಒಂದು ದಿನ ಸೀರೆಯ ನೆರಿಗೆ ಎತ್ತಿ ಹಿಡಿದು ಎರಡು ಸಲ ಪ್ರಯತ್ನಿಸಿದಳು. ಕಾಲು ಹೊಸ್ತಿಲ ಎತ್ತರಕ್ಕೆ ಏಳಲಿಲ್ಲ. ನಾನು ಕೈ ಚಾಚಿದರೆ ಬೇಡವೆಂದಳು. ಸ್ವಲ್ಪ ಹೊತ್ತು ಚೌಕಟ್ಟು ಹಿಡಿದು ನಿಂತಿದ್ದು, "ಟಿಲ್ಲರ್ ಹೋಗೋ ದಾರೀಲೇ ನಾನೂ ಹೋಗ್ತೀನಿ ಬಿಡು," ಎಂದು ಗೋಡೆ ಸವರಿಕೊಂಡು ನಿಧಾನವಾಗಿ ಹಿಂದಕ್ಕೆ ನಡೆದಳು. ನಾನು ಒಳಗೆ ಹೋಗಿ ತಲೆಬಾಗಿಲ ಅಗಳಿ ಹಾಕಿದೆ. ಅದನ್ನು ಮತ್ತೆ ತೆಗೆಯುವ ಕೆಲಸ ಯಾರಿಗೂ ಬೀಳಲಿಲ್ಲ.