ಟ್ರ್ಯಾಕ್ಟರಿನ ಮೊದಲ ರೌಂಡು

ಹೊಟ್ಟೆಕಿಚ್ಚು ಅಂದರೆ ಏನು ಅಂತ ನನಗೆ ಕಲಿಸಿದವರು ನನ್ನ ಭಾವ, ಅಕ್ಕನ ಗಂಡ. ಪಾಪ, ಅವರಿಗೆ ಇವತ್ತಿಗೂ ಅದು ಗೊತ್ತಿಲ್ಲ. ಯಾರಿಗೂ ಒಂದು ಮಾತು ಜೋರಾಗಿ ಆಡಿದವರಲ್ಲ, ಅಷ್ಟು ಒಳ್ಳೆಯ ಮನುಷ್ಯ. ನನಗೆ ತಡೆದುಕೊಳ್ಳೋಕೆ ಆಗದಿದ್ದದ್ದೇ ಅದು.

ಎಪ್ಪತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ರಾಜಾಜಿನಗರದಲ್ಲಿ. ಅಪ್ಪ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ, ಅಕ್ಕ ಮತ್ತು ನಾನು. ಅಕ್ಕ ಅಮ್ಮನ ಕಡೆ, ನಾನು ಅಪ್ಪನ ಕಡೆ. ಅಪ್ಪನ ಹಳೆಯ ಮೋಟರ್‌ಸೈಕಲ್ಲಿನ ಪ್ಲಗ್ ಬಿಚ್ಚಿ, ಉಪ್ಪು ಕಾಗದದಲ್ಲಿ ತಿಕ್ಕಿ, ಕಿಡಿ ಹಾರುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ಕಾಲೇಜಿಗೆ ಹೋಗುವಾಗಲೂ ನನ್ನ ಉಗುರಿನ ಸಂದಿಯಲ್ಲಿ ಗ್ರೀಸ್ ಇರುತ್ತಿತ್ತು. ಅಪ್ಪನಿಗೆ ಪೆಟ್ರೋಲ್ ಇಂಜಿನ್ ಬಿಟ್ಟರೆ ಬೇರೆ ಇಂಜಿನ್ನೇ ಇಲ್ಲ. "ಡೀಸೆಲ್ ಅಂದ್ರೆ ಎಮ್ಮೆ ಕಣೇ. ಎಬ್ಬಿಸೋದ್ರೊಳಗೆ ನಮ್ಮ ಜೀವ ಹೋಗಿರತ್ತೆ" ಅನ್ನುತ್ತಿದ್ದರು. ನಾನು ಅದನ್ನೇ ಕಾಲೇಜಿನಲ್ಲಿ ನನ್ನ ಗೆಳತಿಯರ ಮುಂದೆ ಒಪ್ಪಿಸುತ್ತಿದ್ದೆ.

ಅಂಥ ಅಪ್ಪ ಒಂದು ಭಾನುವಾರ ಮನೆಗೆ ಎಮ್ಮೆಯನ್ನೇ ಕರೆತಂದರು. ಬ್ಯಾಡರಹಳ್ಳಿಯಲ್ಲಿದ್ದ ನಮ್ಮ ದೊಡ್ಡಪ್ಪ ತಮ್ಮ ಹಳೆಯ ಟ್ರ್ಯಾಕ್ಟರನ್ನು ಹೊಂಗೆಮರದ ಕೆಳಗೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಕೋಳಿಗಳು ಅದರ ಬಾನೆಟ್ಟಿನೊಳಗೆ ಮೊಟ್ಟೆ ಇಡುತ್ತಿದ್ದವು. ಗುಜರಿಗೆ ಹಾಕುವ ಬದಲು ತಮ್ಮನೇ ಇಟ್ಟುಕೊಳ್ಳಲಿ ಅಂತ ಕೊಟ್ಟುಬಿಟ್ಟರು. ಅಪ್ಪ ಅದನ್ನು ಒಂದು ಲಾರಿಯ ಹಿಂದೆ ಕಟ್ಟಿಸಿ, ಮಾಗಡಿ ರಸ್ತೆಯುದ್ದಕ್ಕೂ ಎಳೆಸಿಕೊಂಡು ಬಂದು, ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿದರು. ವಿಜಯನಗರದ ಕಡೆ ಎಲ್ಲಿ ನೋಡಿದರೂ ಮನೆ ಕಟ್ಟುತ್ತಿದ್ದ ಕಾಲ. ಟ್ರೈಲರ್ ಸಿಕ್ಕಿಸಿಕೊಂಡು ಕಲ್ಲು, ಮರಳು ಹೊಡೆಯಬಹುದು ಅನ್ನುವುದು ಅವರ ಲೆಕ್ಕಾಚಾರ.

"ಇದು ಡೀಸೆಲ್ ಅಲ್ವೇನಪ್ಪಾ?" ಅಂದೆ.

"ಹೌದು ಕಣೇ. ಎಮ್ಮೆ ಆದ್ರೂ ಹಾಲು ಕೊಡೋ ಎಮ್ಮೆ. ನಾವಿಬ್ರೇ ಸೇರಿ ರಿಪೇರಿ ಮಾಡೋಣ. ಓಡಿದ ದಿನ ಮೊದಲ್ನೇ ರೌಂಡ್ ನಿಂದೇ" ಅಂದರು.

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಸೀಮೆಎಣ್ಣೆ ಹಾಕಿ ತುಕ್ಕು ತಿಕ್ಕಿ ತಿಕ್ಕಿ ನನ್ನ ಅಂಗೈ ಸುಲಿದುಹೋಯಿತು. ಸಂಜೆಯಾದರೆ ಓಡದ ಟ್ರ್ಯಾಕ್ಟರಿನ ಮೇಲೆ ಕೂತು ಕ್ಲಚ್ಚು ತುಳಿದು ಗೇರು ಹಾಕುವ ಅಭ್ಯಾಸ ಮಾಡುತ್ತಿದ್ದೆ. ಬೀದಿಯವರು ನಗುತ್ತಿದ್ದರು, ನಗಲಿ ಬಿಡಿ. ಹೊರಗಿನ ಕೆಲಸವೆಲ್ಲ ಮುಗಿಯಿತು, ಇಂಜಿನ್ನಿಗೆ ಬಂದಾಗ ಇಬ್ಬರೂ ಕೈಕಟ್ಟಿ ನಿಂತೆವು. ಪ್ಲಗ್ಗೇ ಇಲ್ಲದ ಇಂಜಿನ್ನನ್ನು ಎಲ್ಲಿಂದ ಶುರುಮಾಡುವುದು?

ಅಷ್ಟರಲ್ಲಿ ಅಕ್ಕನ ಮದುವೆಯಾಯಿತು, ಭಾವ ಬಂದರು. ವಿಜಯನಗರದಲ್ಲಿ ಮನೆ, ಬಸ್ಸುಗಳ ವರ್ಕ್‌ಶಾಪಿನಲ್ಲಿ ಡೀಸೆಲ್ ಪಂಪಿನ ಕೆಲಸ. ಮೊದಲ ಭಾನುವಾರ ಊಟಕ್ಕೆ ಬಂದವರು ಕೈ ತೊಳೆದು ಸೈಟಿನ ಕಡೆ ನೋಡಿದರು. "ಮಾವ, ಪಂಪು, ನಾಜಲ್ಲು ನಾನು ನೋಡ್ಲಾ?" ಅಂದರು. ಅವತ್ತಿಗೆ ನನ್ನ ಕಥೆ ಮುಗಿಯಿತು.

"ಪೆಟ್ರೋಲ್‌ಗೆ ಕಿಡಿ ಬೇಕು ಮಾವ, ಇದಕ್ಕೆ ಬೇಡ. ಇದು ಗಾಳೀನ ಹಿಂಡಿ ಹಿಂಡಿ ಕಾಯ್ಸತ್ತೆ. ಆ ಕಾವಿಗೆ ಡೀಸೆಲ್ ತಾನಾಗೇ ಹತ್ಕೊಳತ್ತೆ. ಸ್ಪೀಡ್ ಬೇಕಾದ್ರೆ ಪೆಟ್ರೋಲು, ಭಾರ ಎಳೆಯೋಕೆ ಇದೇ ಸರಿ" ಅಂತ ಭಾವ ಹೇಳುತ್ತಿದ್ದರೆ ಅಪ್ಪ ಮಗುವಿನ ಹಾಗೆ ತಲೆಯಾಡಿಸುತ್ತಿದ್ದರು. ಡೀಸೆಲ್ಲನ್ನು ಹೊಗಳಿದವರನ್ನು ಬಾಗಿಲಿನಿಂದಾಚೆಗೆ ಕಳಿಸುತ್ತಿದ್ದ ಅದೇ ಅಪ್ಪ! ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುವುದು ಹೇಗೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಆಗಲೇ ನನ್ನ ಹೊಟ್ಟೆಯೊಳಗೆ ಧಗಧಗ ಅನ್ನುತ್ತಿತ್ತು. ಸ್ಪ್ಯಾನರ್ ಕೊಡು ಅಂತ ಕೂಗುತ್ತಿದ್ದ ಅಪ್ಪ ಈಗ "ಅಳಿಯಂದ್ರಿಗೆ ಕಾಫಿ ತಗೊಂಡ್ ಬಾರೇ" ಅಂತ ಕೂಗತೊಡಗಿದರು. ನಾನು ಬೇಕಂತಲೇ ಸಕ್ಕರೆ ಹಾಕದೆ ಕೊಟ್ಟೆ. ಭಾವ ಪೂರ್ತಿ ಕುಡಿದು, "ಕಾಫಿ ಬಹಳ ಚೆನ್ನಾಗಿದೆ ಕಣಮ್ಮ" ಅಂದರು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ, ನೀವೇ ಹೇಳಿ!

ಹಾಗಂತ ನಾನು ಸೈಟು ಬಿಟ್ಟು ಹೋಗಲಿಲ್ಲ. ದೂರ ನಿಂತೇ ಎಲ್ಲ ನೋಡಿಕೊಂಡೆ. ಡೀಸೆಲ್ ಬರುವ ಪೈಪಿನಲ್ಲಿ ಒಂದು ಗುಳ್ಳೆ ಗಾಳಿ ಸೇರಿಕೊಂಡರೂ ಇಂಜಿನ್ ಏಳುವುದಿಲ್ಲವಂತೆ. ಅದಕ್ಕೆ ಒಂದು ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಲ್ಲುವವರೆಗೆ ಪಂಪು ಒತ್ತಿ, ಆಮೇಲೆ ಬಿಗಿಯಬೇಕು. ಭಾವ ಅದನ್ನು ಹಾಗೆ ಮಾಡಿ ತೋರಿಸಿದ ದಿನ ಟ್ರ್ಯಾಕ್ಟರ್ ಕೆಮ್ಮಿ, ಬೆಚ್ಚಿ, ಎದ್ದೇಬಿಟ್ಟಿತು. ಬೀದಿಯವರೆಲ್ಲ ಹೊರಗೆ ಬಂದರು. ನಾನು ಸೀಟಿನ ಕಡೆ ಹೆಜ್ಜೆ ಇಟ್ಟಿದ್ದೆ, ಅಪ್ಪ ಇಂಜಿನ್ ಆರಿಸಿದರು. "ಆಯುಧಪೂಜೆ ಹತ್ರ ಬಂತಲ್ಲ. ಪೂಜೆ ಮಾಡ್ದೆ ಓಡಿಸ್ಬಾರ್ದು" ಅಂದರು.

ಪೂಜೆಯ ದಿನ ಬಂತು. ಕೆಂಪು ಬಣ್ಣ ಬಳಿದ ಟ್ರ್ಯಾಕ್ಟರಿಗೆ ವಿಭೂತಿಯ ಪಟ್ಟೆ, ಕುಂಕುಮ, ಚೆಂಡುಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಬಾನೆಟ್ಟಿನ ಮೇಲೆ ಎರಡು ಪೈಪು ನಿಂತಿದ್ದವು. ಒಂದು ಹೊಗೆ ಬಿಡುವುದು, ಇನ್ನೊಂದು ಗಾಳಿ ಎಳೆದುಕೊಳ್ಳುವುದು. ಗಾಳಿಯ ಪೈಪಿಗೆ ಮೇಲೆ ಚೆಂಬಿನಂಥ ದುಂಡನೆಯ ತಲೆ. ಅಮ್ಮ ಅದನ್ನು ನೋಡಿದಳು. "ಪೂಜೆಗೆ ಕೂತಿರೋನ ತಲೆ ಬೋಳಾಗಿರ್ಬಾರ್ದು" ಅಂದವಳೇ, ಹೊಸ ಅಳಿಯನಿಗೆ ಕೊಡಲು ತಂದಿದ್ದ ಜರಿ ಶಲ್ಯವನ್ನು ಅದಕ್ಕೆ ಬಿಗಿಯಾಗಿ ಸುತ್ತಿ ಪೇಟ ಕಟ್ಟಿದಳು. ಪೂಜೆಯಾದ ಮೇಲೆ ಅದನ್ನೇ ಅಳಿಯನಿಗೆ ಹೊದಿಸುವುದು ಅಂತ. ಪಕ್ಕದ ಮನೆಯ ಆಂಟಿ ನೋಡಿ, "ಥೇಟ್ ಮದುಮಗ ಕಣ್ರೀ" ಅಂದರು. ಎಲ್ಲರಿಗೂ ಖುಷಿಯೋ ಖುಷಿ.

ಮಂಗಳಾರತಿ ಆಯಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದೆ. ಅಮ್ಮ, "ಅಳಿಯಂದ್ರು ಹತ್ಲಿ" ಅಂದಳು.

"ಅಪ್ಪಾ, ಮೊದಲ್ನೇ ರೌಂಡ್ ನಂದು ಅಂದಿದ್ರಲ್ಲ?"

"ಎರಡನೇದು ನೀನು ಹೋಗೇ. ಹಬ್ಬದ ದಿನ ಎಲ್ಲರ ಮುಂದೆ ಏನಿದು ನಿನ್ನ ರಗಳೆ?" ಅಂದರು ಅಪ್ಪ, ನನ್ನ ಮುಖ ನೋಡದೆಯೇ. ನನಗೆ ಅಲ್ಲೇ ನೆಲ ಬಿರಿದರೆ ಸಾಕು ಅನ್ನಿಸಿತು. ನಾನಲ್ಲ, ಭಾವ ಒಳಗೆ ಹೋಗಲಿ ಅಂತ.

ಭಾವ ಹತ್ತಿ ಸ್ಟಾರ್ಟ್ ಮಾಡಿದರು. ಗಡಗಡ ಅಂದು, ಕಪ್ಪು ಹೊಗೆ ಕಾರಿ, ನಿಂತಿತು. ಮತ್ತೆ ಮಾಡಿದರು, ಮತ್ತೆ ಅದೇ. "ಏರ್ ಹಿಡಿದಿರ್ಬೇಕು ಮಾವ" ಅಂತ ಇಳಿದು ಪಂಪಿನ ಮುಂದೆ ಕೂತರು. ಸ್ಕ್ರೂ ಸಡಿಲಿಸಿದರು, ಒತ್ತಿದರು, ಬಿಗಿದರು. ಉಹುಂ. ಅಮ್ಮ ರಾಹುಕಾಲ ಬರುತ್ತದೆ ಅಂತ ಗೊಣಗತೊಡಗಿದಳು. ಅಪ್ಪನ ಹಣೆಯಲ್ಲಿ ಬೆವರು.

ನಾನು ಹೊಗೆ ನೋಡುತ್ತಿದ್ದೆ. ಮೋಟರ್‌ಸೈಕಲ್ಲಿನಲ್ಲಿ ಗಾಳಿ ತಡೆಯುವ ಚೋಕ್ ತೆಗೆಯುವುದು ಮರೆತರೆ ಹೊಗೆ ಹೀಗೇ ಕಪ್ಪಗೆ ಬರುತ್ತದೆ. ಉರಿಯುವುದಕ್ಕೆ ಗಾಳಿ ಸಾಲದಾಗ ಪೆಟ್ರೋಲಾದರೇನು, ಡೀಸೆಲ್ಲಾದರೇನು? ತಲೆ ಎತ್ತಿದೆ. ಜರಿ ಪೇಟ ಕಾಣಿಸಿತು.

"ಅಪ್ಪಾ, ಇದಕ್ಕೆ ಗಾಳಿ ಸಾಲ್ತಿಲ್ಲ."

"ಅವರು ಗಾಳಿ ತೆಗೀತಾ ಇದಾರೆ, ನೀನು ಸಾಲ್ತಿಲ್ಲ ಅಂತೀಯ. ಬಾಯಿ ಮುಚ್ಕೊಂಡು ನಿಂತ್ಕೋ!"

ನಾನು ನಿಲ್ಲಲಿಲ್ಲ. ಮುಂದಿನ ಚಕ್ರದ ಮೇಲೆ ಕಾಲಿಟ್ಟು ಪೇಟವನ್ನು ಕಿತ್ತೆ. "ಅಯ್ಯೋ, ಪೂಜೆ ಮಾಡಿದ್ದು ಕಣೇ, ಅಪಶಕುನ!" ಅಂತ ಅಮ್ಮ ಚೀರಿದಳು. ಅದೇ ಗಳಿಗೆಗೆ ಭಾವ ಸ್ಕ್ರೂ ಬಿಗಿದು, "ಈಗ ನೋಡಿ ಮಾವ" ಅಂದರು. ಅಪ್ಪ ಕೆಳಗಿನಿಂದಲೇ ಕೈ ಚಾಚಿ ಸ್ಟಾರ್ಟ್ ಮಾಡಿದರು. ಟ್ರ್ಯಾಕ್ಟರ್ ಒಂದೇ ಸಲಕ್ಕೆ ಗುಡುಗಿತು.

"ಭೇಷ್ ಅಳಿಯಂದ್ರೇ!" ಅಂತ ಅಪ್ಪ ಅವರನ್ನು ತಬ್ಬಿಕೊಂಡರು. ನಾನು ಶಲ್ಯ ಹಿಡಿದು ನಿಂತಿದ್ದೆ.

ಭಾವ ಅಪ್ಪನ ಹೆಗಲ ಮೇಲಿಂದ ನನ್ನ ಕೈ ನೋಡಿದರು, ಪೈಪು ನೋಡಿದರು. ಅವರಿಗೆ ಅರ್ಥವಾಗಿಹೋಯಿತು. ಸುಮ್ಮನಿದ್ದಿದ್ದರೆ ನಾನು ಅವರನ್ನು ಜೀವನಪೂರ್ತಿ ನೆಮ್ಮದಿಯಾಗಿ ಶಪಿಸುತ್ತಿದ್ದೆ. ಸುಮ್ಮನಿರಲಿಲ್ಲ ಆ ಪುಣ್ಯಾತ್ಮ.

"ಮಾವ, ಇದು ನನ್ನಿಂದ ಆಗಿದ್ದಲ್ಲ. ಡೀಸೆಲ್ ಪೈಪಲ್ಲಿ ಏರ್ ಇರ್ಲೇ ಇಲ್ಲ. ಆ ಶಲ್ಯ ಇಂಜಿನ್‌ಗೆ ಉಸಿರು ಕಟ್ಸಿತ್ತು. ಇವಳು ಕಿತ್ತಳು, ಎದ್ದಿತು. ಮೊದಲ್ನೇ ರೌಂಡ್ ಇವಳೇ ಹೋಗ್ಬೇಕು" ಅಂದರು.

ಅಪ್ಪನ ಕಣ್ಣಲ್ಲಿ ನೀರು ಬಂತು. ಈಗ ನನ್ನ ಕಡೆ ತಿರುಗುತ್ತಾರೆ ಅಂದುಕೊಂಡೆ. ಅವರು ತಿರುಗಿದ್ದು ಬೀದಿಯವರ ಕಡೆ. "ನೋಡಿದ್ರಾ ನಮ್ಮ ಅಳಿಯಂದ್ರ ಗುಣ? ಹುಡುಗಿ ಮನಸ್ಸು ನೋಯ್ಬಾರ್ದು ಅಂತ ತಾವು ಮಾಡಿದ್ದನ್ನ ಅವಳು ಮಾಡಿದ್ಲು ಅಂತಿದಾರೆ!"

"ಇಲ್ಲ ಮಾವ, ನಿಜವಾಗ್ಲೂ..."

"ಗೊತ್ತು, ಗೊತ್ತು, ಸುಮ್ನಿರಿ. ಹತ್ತೇ, ಅಳಿಯಂದ್ರು ಹೇಳ್ತಾ ಇದಾರಲ್ಲ, ಹತ್ತು."

ಹತ್ತಿದೆ. ಗೇರು ಹಾಕಿದೆ. ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿ ಪಚಕ್ ಅಂದವು. ಸೈಟಿನ ಸುತ್ತ ಒಂದು ಸುತ್ತು ಹೊಡೆದು ಬಂದೆ, ಎಲ್ಲೂ ನಿಲ್ಲಿಸಲಿಲ್ಲ, ಎಲ್ಲೂ ತಪ್ಪಲಿಲ್ಲ. ಅಪ್ಪ ಕೊಡುತ್ತೇನೆ ಅಂದಿದ್ದ ಮೊದಲ ರೌಂಡು ನನ್ನದೇ ಆಯಿತು, ಅದನ್ನು ಕೊಟ್ಟವರು ಭಾವ. ನಾನು ತಿರುಗಿ ಬರುವಾಗಲೂ ಅಪ್ಪ ಅವರ ಭುಜ ತಟ್ಟುತ್ತಲೇ ಇದ್ದರು.