ಮಡಂತ್ಯಾರಿನ ಗಾಜಿನ ಕಡಲು

ಮೀನು ಅಂದರೆ ಬಾಯಲ್ಲಿ ನೀರೂರುವ ಊರಿನಲ್ಲಿ ಮೀನನ್ನು ಹಾಲ್‌ನಲ್ಲಿಟ್ಟು ಸಾಕುವವನನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಮಡಂತ್ಯಾರಿನ ಅಬ್ದುಲ್ ನಾಸಿರನ ಮನೆಗೆ ಬಂದವರೆಲ್ಲ ಆ ಗಾಜಿನ ತೊಟ್ಟಿಯ ಮುಂದೆ ನಿಂತು, "ಇದು ಸಾರಿಗೆ ಆಗ್ತದಾ, ಫ್ರೈಗಾ?" ಎಂದು ಕೇಳಿದ ಮೇಲೆಯೇ ಚಹಾಕ್ಕೆ ಕೈಚಾಚುತ್ತಿದ್ದರು. ನಾಸಿರ್ ನಗುತ್ತಿದ್ದ. ದುಬೈಯ ಹೋಟೆಲೊಂದರಲ್ಲಿ ಗೋಡೆಯಷ್ಟು ದೊಡ್ಡ ಉಪ್ಪುನೀರಿನ ತೊಟ್ಟಿಯನ್ನು ವರ್ಷಗಟ್ಟಲೆ ತೊಳೆದು, ಅದರ ಪಂಪು ಪೈಪುಗಳನ್ನು ರಿಪೇರಿ ಮಾಡಿ ಬಂದವನು ಅವನು. ಅಲ್ಲಿ ಬೆವರು ಅವನದು, ಮೀನು ಯಾರದೋ. ಊರಿಗೆ ಬಂದ ಮೇಲೆ ತನ್ನದೇ ಒಂದಿರಲಿ ಎಂದು ಕಟ್ಟಿಕೊಂಡ.

ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಜೋಡಿ ಮೀನು, ಒಂದೆರಡು ಪುಟ್ಟ ಸಿಗಡಿ, ಕಲ್ಲಿಗೆ ಅಂಟಿಕೊಂಡ ಒಂದು ಕಡಲಹೂ. ಹೂ ಎಂದು ಹೆಸರಷ್ಟೇ, ಅದೂ ಒಂದು ಪ್ರಾಣಿಯೇ. ಬೆಳಿಗ್ಗೆ ದೀಪ ಹಾಕಿದರೆ ಬೆರಳಿನಂಥ ಎಸಳುಗಳನ್ನು ಬಿಚ್ಚುತ್ತಿತ್ತು, ಆರಿಸಿದರೆ ಮಡಚಿಕೊಳ್ಳುತ್ತಿತ್ತು. ಮೀನುಗಳೆರಡೂ ಅದರ ಮಡಿಲಲ್ಲೇ ಮಲಗುತ್ತಿದ್ದವು.

ನಾಸಿರನ ಹೆಂಡತಿ ಸಾಲಿಹಾಳಿಗೆ ಪಾರ್ಶ್ವವಾಯು ಬಡಿದಾಗ ಮಾತು ಹೋಯಿತು, ಬಲಗೈ ಮುಷ್ಟಿ ಕಟ್ಟಿಕೊಂಡಿತು. "ದಿನಾ ಅವರೇ ಬೆರಳು ಬಿಡಿಸ್ಲಿಕ್ಕೆ ನೋಡ್ಬೇಕು, ಬೇರೆಯವರು ಬಿಡಿಸಿದ್ರೆ ಸಾಲದು. ಇಲ್ಲದಿದ್ರೆ ಹಾಗೇ ಗಟ್ಟಿಯಾಗ್ತದೆ" ಎಂದಿದ್ದರು ಡಾಕ್ಟರು. ಸಾಲಿಹಾ ಯಾರ ಮಾತಿಗೂ ಬಗ್ಗಲಿಲ್ಲ. ಕೈ ಮುಟ್ಟಿದರೆ ಮುಖ ತಿರುಗಿಸುವಳು. ಆದರೆ ಒಂದು ಬೆಳಿಗ್ಗೆ ಕಡಲಹೂ ಬಿಚ್ಚಿಕೊಳ್ಳುವುದನ್ನು ನೋಡುತ್ತ ನೋಡುತ್ತ ಅವಳ ಕಿರುಬೆರಳು ಕದಲಿತು. ನಾಸಿರ್ ಅದನ್ನು ಕಂಡ. ಮರುದಿನದಿಂದ ಅವಳ ಕುರ್ಚಿ ತೊಟ್ಟಿಯ ಮುಂದೆಯೇ. ಹೂ ಎಸಳು ಬಿಚ್ಚಿದಂತೆ ಅವಳೂ ಬೆರಳು ಬಿಚ್ಚಲು ಹೆಣಗುವಳು. ಮಳೆಗಾಲ ಹಿಡಿಯುವ ಹೊತ್ತಿಗೆ ಅರ್ಧ ಅಂಗೈ ಕಾಣುತ್ತಿತ್ತು. ಪೂರ್ತಿ ಬಿಚ್ಚಿದ ದಿನ ಊರಿಗೆಲ್ಲ ಬಿರಿಯಾನಿ ಹಾಕಿಸಬೇಕು ಎಂದುಕೊಂಡಿದ್ದ ನಾಸಿರ್.

ಅಷ್ಟರಲ್ಲಿ ತೊಟ್ಟಿಗೆ ಬೀಳುವ ನೀರು ಸಪೂರವಾಯಿತು. ಮೇಲಿನ ತೊಟ್ಟಿಯ ನೀರು ಕೆಳಗಿನ ಪೆಟ್ಟಿಗೆಗಿಳಿದು ಸೋಸಿಕೊಳ್ಳಬೇಕು, ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳಬೇಕು. ನೀರು ತಿರುಗದಿದ್ದರೆ ಒಳಗಿನ ಜೀವಗಳಿಗೆ ಉಸಿರಿಲ್ಲ. ಪಂಪು ಗುಂಯ್‌ಗುಡುತ್ತಲೇ ಇತ್ತು. ನಾಸಿರ್ ಪ್ಲಗ್ ಕಿತ್ತು ಅದನ್ನು ಬಿಚ್ಚಿದ. ಒಳಗಿನ ರೆಕ್ಕೆಗೆ ಸುಣ್ಣದಂಥ ಬಿಳಿ ಕಿಟ್ಟ ಕಟ್ಟಿತ್ತು. ವಿನೆಗರಿನಲ್ಲಿ ನೆನೆಸಿ ಉಜ್ಜಿ ಮತ್ತೆ ಕೂರಿಸಿದ. ನೀರು ಹೆಚ್ಚಲಿಲ್ಲ. ಗಾಳಿ ಎಳೆಯುತ್ತಿದೆಯೋ ಎಂದು ನೋಡಿದ, ಅದೂ ಇಲ್ಲ. ಕೊನೆಗೆ ಪಂಪನ್ನು ಬಕೆಟಿನಲ್ಲಿಟ್ಟು ಓಡಿಸಿದರೆ ನೀರು ಸೂರಿನವರೆಗೆ ಹಾರಿತು! ತಪ್ಪು ಪಂಪಿನದಲ್ಲ, ಪೈಪಿನದು. ಹಿಂಬದಿಗೆ ಕೈ ತೂರಿಸಿ ತಡವಿದ. ಪೈಪು ತಿರುಗುವ ಮೂಲೆಯ ಎಲ್ಬೋ ಬಿರುಕು ಬಿಟ್ಟು, ಸೋರಿದ ನೀರಿನಿಂದ ಉಪ್ಪುಗಟ್ಟಿ ಒರಟಾಗಿತ್ತು, ಸ್ವಲ್ಪ ಒತ್ತಿದ್ದೇ ಎರಡು ಹೋಳಾಗಿ ಕೈಗೆ ಬಂತು.

ಹೊಸದೊಂದು ಹಾಕಿದರಾಯಿತಲ್ಲ ಎನ್ನಬೇಡಿ. ಆ ಪೈಪು, ಎಲ್ಬೋ ಎಲ್ಲ ನಾಸಿರ್ ದುಬೈಯಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದವು. ಇಲ್ಲಿಯ ಮಾಲಿನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ, ಗಲ್ಫಿನಿಂದ ಬಂದವರ ಚಾಳಿ! ಅಲ್ಲಿಯ ಅಳತೆಯೇ ಬೇರೆ. ಮಡಂತ್ಯಾರಿನಲ್ಲಿ ಸಿಗಲಿಲ್ಲ, ಬೆಳ್ತಂಗಡಿಯಲ್ಲೂ ಸಿಗಲಿಲ್ಲ. ಮಂಗಳೂರಿನ ಅಂಗಡಿಯವನು ನಾಳೆ ಬಸ್ಸಿನಲ್ಲಿ ಕಳಿಸುತ್ತೇನೆಂದ. ನಾಳೆಯವರೆಗೆ ನೀರು ನಿಂತಿರುವಂತಿಲ್ಲ.

"ಅದಕ್ಕೆ ಯಾಕೆ ತಲೆಬಿಸಿ ಮಾರಾಯ? ನನ್ನತ್ರ ಪೈಪ್ ಉಂಟು" ಎಂದ ಪಕ್ಕದ ಮನೆಯ ಮುಂಡಪ್ಪ. ಆ ವಾರ ಮಳೆ ಬಿಟ್ಟಿತ್ತು. ಅವನು ತನ್ನ ಅಡಿಕೆ ಮರಗಳಿಗೆಲ್ಲ ಕೊಳೆರೋಗದ ಮದ್ದು ಬಿಟ್ಟು ಮುಗಿಸಿ, ಡ್ರಮ್ಮಿನಿಂದ ಮದ್ದು ಎಳೆಯುವ ಪೈಪನ್ನು ಆಗಷ್ಟೇ ಒಣಗಲು ಹಾಕಿದ್ದ. "ಚಂದ ಮಾಡಿ ತೊಳೆದಿದ್ದೇನೆ. ಬೇಕಾದಷ್ಟು ತುಂಡು ಮಾಡು" ಎಂದು ತಂದುಕೊಟ್ಟ. ನಾಸಿರ್ ಎರಡು ಕ್ಲಿಪ್ ಹಾಕಿ ಬಿಗಿದ. ನೀರು ಧೋ ಎಂದು ಬಿತ್ತು.

ಸಂಜೆ ಸಿಗಡಿಗಳು ಅಂಗಾತ ಬಿದ್ದಿದ್ದವು. ನೀರು ನಿಂತದ್ದಕ್ಕೆ ಹೀಗಾಯಿತು ಎಂದುಕೊಂಡ. ಮರುದಿನ ದೀಪ ಹಾಕಿದಾಗ ಹೂ ಬಿಚ್ಚಿಕೊಳ್ಳಲಿಲ್ಲ. ಸಾಲಿಹಾ ಕಾದಳು. ನಾಸಿರ್ ಪೈಪಿನ ತುದಿ ಕಿತ್ತು ಬೆಳಕಿಗೆ ಹಿಡಿದ. ಒಳಗೋಡೆಯಲ್ಲಿ ತೆಳು ನೀಲಿ. ಅಡಿಕೆಯ ಮದ್ದು ಎಂದರೆ ಮೈಲುತುತ್ತು, ಮೈಲುತುತ್ತೆಂದರೆ ತಾಮ್ರ. ತಾಮ್ರ ತಾಗಿದ ನೀರಿನಲ್ಲಿ ಮೀನು ಹೇಗೋ ಬದುಕೀತು, ಸಿಗಡಿಯೂ ಕಡಲಹೂವೂ ಬದುಕವು. ತಾಮ್ರದ ತಂತಿ ಮುಟ್ಟಿದ ಕೈಯನ್ನು ನೀರಿಗೆ ಹಾಕಿದರೆ ದುಬೈಯಲ್ಲಿ ಹೊಸಬರನ್ನು ಬೈದು ನೀರಿಳಿಸುತ್ತಿದ್ದವನು ಇವನೇ. ಆದರೆ ಆ ನೀಲಿಯನ್ನು ಹುಟ್ಟಿದಂದಿನಿಂದ ಕಂಡವನು. ಮರದ ಮೇಲೆ, ಅಂಗಿಯ ಮೇಲೆ, ಅಂಗಳದ ಬಕೆಟಿನ ಮೇಲೆ ಎಲ್ಲೆಲ್ಲೂ ಅದೇ ನೀಲಿ. ಕಣ್ಣೆದುರಿಗಿದ್ದರೂ ಅವನಿಗೆ ಅದು ಕಂಡಿರಲಿಲ್ಲ.

ಪೈಪು ಕಿತ್ತೆಸೆದ. ಇದ್ದಬದ್ದ ಉಪ್ಪು ಕದಡಿ ನೀರು ಬದಲಿಸಿದ, ವಿಷ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟ. ಆದರೂ ಹೂವು ಬಾಯಿ ತೆರೆದುಕೊಂಡು ಕಲ್ಲಿನಿಂದ ಜಾರಿತು, ಕೊಳೆತ ಬಾಳೆಹಣ್ಣಿನಂತೆ ಮೆತ್ತಗಾಯಿತು. ನಾತ ಎದ್ದ ಮೇಲೆ ಸಾಲಿಹಾ ನೋಡುತ್ತಿರುವಂತೆಯೇ ಬಟ್ಟಲಲ್ಲಿ ಬಳಿದು ತೆಗೆಯಬೇಕಾಯಿತು. ಬೇರೆ ದಾರಿ ಇರಲಿಲ್ಲ. ಇನ್ನು ಹೊಸ ಹೂ ತಂದಿಟ್ಟರೂ ಪ್ರಯೋಜನವಿಲ್ಲ, ಕಲ್ಲು ಮರಳು ಎಲ್ಲ ತಾಮ್ರ ಕುಡಿದಿವೆ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಂಗಳೂರಿನಿಂದ ಬಂದ ಎಲ್ಬೋ ಹಾಕಿದ. ಒಂದು ಹನಿ ಸೋರಲಿಲ್ಲ. ಮುಂಡಪ್ಪ ನೋಡಲು ಬಂದ.

"ಹೇಗೆ, ನನ್ನ ಪೈಪ್ ಉಪಕಾರಕ್ಕೆ ಬಂತಾ?"

"ಬಂತು ಮುಂಡಪ್ಪಣ್ಣ. ಈಗ ಪಂಪಿಗೆ ಏನೂ ತೊಂದರೆ ಇಲ್ಲ."

"ಆ ಹೂ ಎಲ್ಲಿ ಮಾರಾಯ?"

"ಹೋಯ್ತು" ಎಂದ ನಾಸಿರ್. ಅದಕ್ಕಿಂತ ಹೆಚ್ಚು ಹೇಳಿ ಆ ಒಳ್ಳೆಯ ಮನುಷ್ಯನ ನಿದ್ದೆ ಕೆಡಿಸಲು ಅವನಿಗೆ ಮನಸ್ಸಾಗಲಿಲ್ಲ.

ಈಗಲೂ ಬೆಳಿಗ್ಗೆ ಅವನು ದೀಪ ಹಾಕುತ್ತಾನೆ. ಮೀನುಗಳೆರಡೂ ಮಡಿಲಿಲ್ಲದೆ ಆ ಹೊಸ ಪೈಪಿನ ಬಾಯಿಗೆ ಮೈಯುಜ್ಜುತ್ತವೆ. ಸಾಲಿಹಾ ಕುರ್ಚಿಯಲ್ಲಿ ಕೂತು ಬರಿಗಲ್ಲನ್ನು ನೋಡುತ್ತಾಳೆ, ಆಮೇಲೆ ನೋಡುವುದೂ ಇಲ್ಲ. ನಾಸಿರ್ ಅವಳ ಕಾಲ ಬಳಿ ಕೂತು ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. "ನೋಡು, ಹೀಗೆ" ಎನ್ನುತ್ತ ಒಂದೊಂದೇ ಬೆರಳನ್ನು ಬಿಡಿಸುತ್ತಾನೆ. ಅವಳು ಈಗ ಮುಖ ತಿರುಗಿಸುವುದಿಲ್ಲ, ತಡೆಯುವುದೂ ಇಲ್ಲ. ಅವನು ಕೈ ಬಿಟ್ಟೊಡನೆ ಬೆರಳುಗಳು ಮತ್ತೆ ಮಡಚಿಕೊಳ್ಳುತ್ತವೆ.