ಅಂತೋನಿಯವರಿಗೆ ಮುಂಗಡ ಹರಕೆ

ಮಂಗಳವಾರ ಮೀನಿನ ಬುಟ್ಟಿ ಖಾಲಿಯಾದ ಮೇಲೆ ಮೀನಿನಕ್ಕ ಬಿಜೈಯ ನಮ್ಮ ಮನೆಯ ಹಿತ್ತಿಲಲ್ಲಿ ಕುಳಿತು, ಎರಡು ಹುಳಿ ಬಿಂಬುಳಿಕಾಯಿ ಹಿಸುಕಿ ಅಂಗೈ ಉಜ್ಜುತ್ತಿದ್ದರು. ಬೂತಾಯಿ ಮೀನಿನ ವಾಸನೆ ಹೋಗಬೇಕು, ಉಗುರಿನ ಸಂದಿಯ ಹುರುಪೆಯೂ ಹೋಗಬೇಕು. ಆಮೇಲೆ ಪೇಟೆಯ ಇಗರ್ಜಿಗೆ, ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯವರಿಗೆ ಮೊಂಬತ್ತಿ ಹಚ್ಚಲು.

ಉಳ್ಳಾಲದ ಮೊಗವೀರ ಹೆಂಗಸು. ನಾವು ಮೀನಿನಕ್ಕ ಎನ್ನುತ್ತಿದ್ದೆವು. ನಮ್ಮದು ಕ್ರೈಸ್ತರ ಮನೆ; ನನ್ನ ಅಮ್ಮ ಅವರಿಗೆ ಬಾಯಮ್ಮ. ಅಂಜಲ್ ಮೀನು ಹಳತಾಗಿದ್ದರೆ ಮೀನಿನಕ್ಕ ತಾವೇ ಮುಚ್ಚಿಟ್ಟು, ಇದು ನಿಮಗೆ ಬೇಡ ಎನ್ನುತ್ತಿದ್ದರು. ಇಗರ್ಜಿಯ ಮಂಗಳವಾರದ ಸಾಲಿನಲ್ಲಿ ಕುಂಕುಮದವರೂ ಬುರ್ಖಾದವರೂ ನಮ್ಮೊಡನೆ ನಿಲ್ಲುವುದು ನಮ್ಮೂರಿನಲ್ಲಿ ಯಾರಿಗೂ ಸುದ್ದಿಯಲ್ಲ. ನನಗೆ ಮಾತ್ರ ಈಗಲೂ ಅದರ ಹೆಮ್ಮೆ.

ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಗಾಳಿ ಎದ್ದು, ಅವರ ಗಂಡ ಹೋಗಿದ್ದ ಬೋಟು ಎರಡು ದಿನವಾದರೂ ದಕ್ಕೆಗೆ ಮರಳಲಿಲ್ಲ. ಫೋನೂ ಸಿಗಲಿಲ್ಲ. ಮೂರನೆಯ ದಿನ ಮಂಗಳವಾರ. ನಾನೂ ಅಮ್ಮನೂ ನೊವೆನಾ ಪ್ರಾರ್ಥನೆಗೆ ಹೋದರೆ, ಮೀನಿನಕ್ಕ ಇಗರ್ಜಿಯ ಮೆಟ್ಟಿಲಲ್ಲಿ ಬಡವರಿಗೆ ಬನ್ನು ಹಂಚುತ್ತಿದ್ದರು. ಬೇಡಿದ್ದು ಸಿಕ್ಕಿದ ಮೇಲೆ ರೊಟ್ಟಿ ಹಂಚುವುದು ಅಂತೋನಿಯವರ ಹರಕೆಯ ಕ್ರಮ. ಅಮ್ಮ ಮೆಲ್ಲಗೆ ಅದನ್ನು ನೆನಪಿಸಿದರು.

"ಗೊತ್ತುಂಟು ಬಾಯಮ್ಮ. ಆದ್ರೆ ಈ ಬಡವರು ತಿಂದಾಯ್ತಲ್ಲ? ಇನ್ನು ಹುಡುಕಿ ಕೊಡದಿದ್ರೆ ಮರ್ಯಾದೆ ಹೋಗುದು ಅಂತೋನಿಯವರದ್ದು, ನನ್ನದಲ್ಲ."

ಅವರು ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ನಾನೆಷ್ಟು ಸೇರಿಸಿದೆನೋ, ಆಣೆಯಿಟ್ಟು ಹೇಳಲಾರೆ.

ಇಂಜಿನ್ ಕೆಟ್ಟು ನಿಂತಿದ್ದ ಆ ಬೋಟನ್ನು ಮರುದಿನ ಇನ್ನೊಂದು ಬೋಟು ಎಳೆದು ತಂದಿತು. ಎಲ್ಲರೂ ಬದುಕಿದ್ದರು. ಮುಂದಿನ ಮಂಗಳವಾರ ನೋಡಿದರೆ ಅದೇ ಮೆಟ್ಟಿಲಲ್ಲಿ ಮತ್ತೆ ಬನ್ನು. ಪಕ್ಕದಲ್ಲಿ ಚೀಲ ಹಿಡಿದು, ನಾಚಿಕೊಂಡು ನಿಂತ ಗಂಡ. ಹರಕೆ ಆಗಲೇ ಸಂದಿತಲ್ಲ, ಇನ್ನೆಂತಕ್ಕೆ ಎಂದು ಅಮ್ಮ ನಕ್ಕರು.

"ಮೊನ್ನೆಯದ್ದು ಹೆದರಿಕೆಯದ್ದು ಬಾಯಮ್ಮ. ಸಂತೋಷದ್ದು ಬೇರೆ ಕೊಡುದು ಬೇಡ್ವಾ?"

ಕಷ್ಟಕ್ಕೆ ಮಾತ್ರ ಮೊಣಕಾಲೂರಿ, ಸುಖದಲ್ಲಿ ಇಗರ್ಜಿಯ ದಾರಿಯನ್ನೇ ಮರೆಯುತ್ತಿದ್ದವಳು ನಾನು. ಆ ಮಾತು ಅವತ್ತೇ ನಾಟಿತೋ, ವರ್ಷಗಳ ಮೇಲೋ, ಡೈರಿಯಲ್ಲಿ ಬರೆದಿಲ್ಲ.

ಕಳೆದ ವರ್ಷ ಮೀನಿನಕ್ಕ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲಿನ ಮಂಗಳವಾರ ಗಂಡ ಒಬ್ಬರೇ ಬನ್ನಿನ ಚೀಲದೊಂದಿಗೆ ಅದೇ ಮೆಟ್ಟಿಲಿಗೆ ಬಂದಿದ್ದರು. ಇದು ಯಾವ ಹರಕೆಯೆಂದು ಕೇಳುವ ಧೈರ್ಯವಾಗಲಿಲ್ಲ. ಚೀಲದ ಇನ್ನೊಂದು ಹಿಡಿ ಹಿಡಿದು ನಾನೂ ಹಂಚಿದೆ. ಸಾಲು ಅವತ್ತು ರಸ್ತೆಯವರೆಗೂ ಇತ್ತು.